ಹೂಸುಮ್ ಎಂಬ ಊರಿಗೆ ಹೋಗಿ ಬಂದದ್ದು

ಯುರೋಪಿಗೆ ಹೋಗಿ ಬಂದವಳು ಅಂತ ಹಿರಿಯೂರಿನ ನಮ್ಮ ಶಾಲೆಯಲ್ಲಿ ನನಗೊಂದು ಹೆಸರಿದೆ. ಹೊಸದಾಗಿ ಬಂದ ಮೇಡಂಗಳು ಈಗಲೂ ಕೇಳ್ತಾರೆ, ಪ್ಯಾರಿಸ್ಸಿನ ಟವರ್ ಹತ್ತಿದ್ರಾ, ಸ್ವಿಟ್ಜರ್‌ಲ್ಯಾಂಡಿನ ಐಸಿನ ಮೇಲೆ ಆಡಿದ್ರಾ ಅಂತ. ಇಲ್ಲ ಕಣ್ರೀ, ನಾನು ಹೋಗಿದ್ದು ಜರ್ಮನಿಯ ಹೂಸುಮ್ ಅನ್ನೋ ಊರಿಗೆ ಅಂದರೆ ಮುಖ ಅತ್ತ ತಿರುಗಿಸಿ ಕಿಸಕ್ಕನೆ ನಗ್ತಾರೆ. ನಗಲಿ ಬಿಡಿ. ಆ ಹೆಸರು ಕೇಳಿ ಮೊದಲು ನಕ್ಕವರು ನಾವೇ.

ನನ್ನ ತಮ್ಮ ಐಟಿಐ ಓದಿ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಕಂಪನಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಆ ದೊಡ್ಡ ಫ್ಯಾನುಗಳು ಗುಡ್ಡದ ನೆತ್ತಿಯಲ್ಲಿ ಒಂದೊಂದೇ ಎದ್ದು ನಿಲ್ಲುತ್ತಿದ್ದ ಕಾಲ ಅದು. ತರಬೇತಿಗೆ ಅಂತ ಅವನನ್ನು ಜರ್ಮನಿಯ ಉತ್ತರದ ತುದಿಯ ಸಮುದ್ರದ ದಂಡೆಯ ಆ ಸಣ್ಣ ಊರಿಗೆ ಕಳಿಸಿದರು. ಫೋನಿನಲ್ಲಿ ಊರ ಹೆಸರು ಹೇಳಿದಾಗ ಅವ್ವ, "ಥೂ, ಎಂಥ ಹೆಸರೋ ಅದು! ಬ್ಯಾರೆ ಊರೇ ಸಿಗಲಿಲ್ಲೇನೋ ನಿಂಗೆ?" ಅಂದಳು. "ಹೂಸು ಅಲ್ಲವ್ವ, ಹೂಸುಮ್. ಹೂಂ, ಸುಮ್ನಿರು ಅಂತ ಜ್ಞಾಪಕ ಇಟ್ಕ" ಅಂದ ಅವನು. ಅಪ್ಪ ಕೆಮ್ಮು ಬರೋವರೆಗೂ ನಕ್ಕ. ಅಪ್ಪ ಹಂಗೆ ನಕ್ಕಿದ್ದನ್ನು ಆಮೇಲೆ ನಾನು ನೋಡಿಲ್ಲ.

ಚಳಿಗಾಲದಲ್ಲಿ ಅಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟುತ್ತದಂತೆ. ಅವನ ಸೈಕಲ್ ಜಾರಿತು, ಹಿಂದೆ ಲಾರಿ ಬರ್ತಿತ್ತು. ಬೆಂಗಳೂರಿನಿಂದ ಕಂಪನಿಯ ಸಾಹೇಬರೊಬ್ಬರು ಫೋನ್ ಮಾಡಿದರು. ದೇಹ ನೋಡೋ ಹಂಗಿಲ್ಲ, ತರಿಸೋಕೆ ಬಹಳ ದಿನ ಹಿಡೀತದೆ, ಅಲ್ಲೇ ಮುಗಿಸಬಹುದು, ಏನಂತೀರಿ ಅಂದರು. ಅಪ್ಪ ಕೇಳಿದ್ದು ಒಂದೇ ಮಾತು, "ಸುಡ್ತಾರೇನ್ರಿ?" ಇಲ್ಲ, ಮಣ್ಣು ಮಾಡ್ತಾರೆ ಅಂದರು. "ಹಂಗಾರೆ ಆಗ್ಲಿ ಬಿಡ್ರಿ" ಅಂದುಬಿಟ್ಟ. ನಾವು ಲಿಂಗಾಯತರು, ಸುಡೋದು ಅಂದರೆ ಜೀವ ಝಲ್ಲಂತದೆ. ಮಣ್ಣು ಅಂದ ಮೇಲೆ ಎಲ್ಲ ಕಡೆನೂ ಒಂದೇ ಅಂತ ತಿಳಕೊಂಡ, ಪಾಪ.

ಕಾರ್ಯ ಎಲ್ಲ ಮುಗಿದು ನೆಂಟರು ಹೋದ ಮೇಲೆ ಅವ್ವ ಬಾಯಿಬಿಟ್ಟು ಕೇಳಿದಳು, "ಕುಂದ್ರಿಸಿದ್ರಂತಾ, ಮಲಗಿಸಿದ್ರಂತಾ?" ನಮ್ಮಲ್ಲಿ ಹೋದವರನ್ನು ಕೂರಿಸಿ, ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡೋದು. ಮಲಗಿಸಿ ಮುಚ್ಚಿದರೆ ಅವ್ವನ ಪಾಲಿಗೆ ಅದು ದಿಕ್ಕಿಲ್ಲದ ಹೆಣ. ಅದನ್ನು ಕೇಳಬೇಕು ಅಂತಲೇ ಅಪ್ಪನಿಗೆ ಹೊಳೆದಿರಲಿಲ್ಲ. ಅವತ್ತೇ ಅವ್ವ ಅವನ ಜೊತೆ ಮಾತು ಬಿಟ್ಟಳು. ತಟ್ಟೆ ಇಡೋಳು, ಮುದ್ದೆ ಹಾಕೋಳು, ತುಟಿ ಬಿಚ್ಚುತ್ತಿರಲಿಲ್ಲ. ಮದುವೆಯಾಗದೆ ಆ ಮನೆಯಲ್ಲೇ ಉಳಿದವಳು ನಾನು. "ನಿಮ್ಮಪ್ಪಂಗೆ ಹೇಳು, ನೀರು ಕಾದೈತೆ" ಅಂತ ಎಲ್ಲ ನನ್ನ ಮೂಲಕವೇ ನಡೀತಿತ್ತು.

ವರ್ಷ ಕಳೆದ ಮೇಲೆ ಕಂಪನಿಯವರು ಮನೆಯಿಂದ ಒಬ್ಬರನ್ನು ಅಲ್ಲಿಗೆ ಕಳಿಸಿಕೊಡ್ತೀವಿ ಅಂದರು. ಇಂಗ್ಲಿಷ್ ಪಾಠ ಮಾಡೋಳು ನಾನು, ನಾನೇ ಹೊರಟೆ. ಟಿಕೆಟ್ ಮಾಡಿಸಿಕೊಟ್ಟ ಏಜೆಂಟನಿಗೆ ನನ್ನ ಮೇಲೆ ಕನಿಕರ. "ಅಷ್ಟು ದೂರ ಹೋಗಿ ಪ್ಯಾರಿಸ್ ನೋಡದೆ ಬರ್ತೀರಾ ಮೇಡಂ? ಆ ಊರಲ್ಲಿ ನೋಡೋಕೆ ಏನಿದೆ?" ಅಂದ. ಅವನ ಕೆನ್ನೆಗೆ ಎರಡು ಬಿಗಿಯೋಣ ಅನ್ನಿಸಿತು, ಆದರೆ ಅವನಿಗೇನು ಗೊತ್ತು.

ಹೊರಡುವಾಗ ಅವ್ವ ವಿಭೂತಿ ಗಟ್ಟಿ ಕೈಗಿಟ್ಟು, "ಕೇಳ್ಕಂಡು ಬಾ" ಅಂದಳು. ಅಪ್ಪ ಬಸ್ ಸ್ಟ್ಯಾಂಡಿನ ತನಕ ಬಂದ. ಬಸ್ಸು ಬಂದಾಗ ಕಿಟಕಿಯ ಸರಳು ಹಿಡ್ಕೊಂಡು, "ಏನೇ ಇರ್ಲಿ, ಕುಂದ್ರಿಸಿದಾರೆ ಅಂತ್ಲೇ ಹೇಳವ್ವ. ನಂಗಿನ್ನು ತಡಿಯಾಕಾಗಲ್ಲ" ಅಂದ.

ಹ್ಯಾಂಬರ್ಗಿನಲ್ಲಿ ರೈಲು ಹತ್ತಿದೆ. ಅಂಗೈಯಷ್ಟು ಸಪಾಟು ನೆಲ, ಕಣ್ಣಿಗೆ ಒಂದು ಗುಡ್ಡ ಬೇಡವೇ! ಬಯಲ ತುಂಬ ನಮ್ಮವೇ ಫ್ಯಾನುಗಳು ಗರಗರ ತಿರುಗುತ್ತಿದ್ದವು. ಇಲ್ಲೂ ನಿಂತಿದ್ದೀರೇನ್ರೋ ಹಾಳಾದವಾ ಅಂತ ಬಾಯಿ ಬಿಟ್ಟೇ ಬೈದೆ. ಎದುರಿಗೆ ಕೂತವಳು ನಮಸ್ಕಾರ ಅಂತ ತಿಳಿದು ತಲೆ ಬಾಗಿಸಿದಳು.

ಊರು ಚೆನ್ನಾಗಿತ್ತು. ಅದೇ ನನಗೆ ಸಂಕಟ. ಕೆಂಪು ಇಟ್ಟಿಗೆಯ ಮನೆಗಳು, ಬಾಗಿಲ ಪಕ್ಕದಲ್ಲೇ ಗುಲಾಬಿ. ಸಮುದ್ರದ ನೀರು ಹಿಂದಕ್ಕೆ ಹೋಗಿ ದೋಣಿಗಳೆಲ್ಲ ಕೆಸರಿನಲ್ಲಿ ಕೂತಿದ್ದವು. ಸಮುದ್ರಕ್ಕೆ ಅಡ್ಡ ಕಟ್ಟಿದ ಏರಿಯ ಮೇಲೆ ಕುರಿಗಳು, ಕಾಯೋರು ಮಾತ್ರ ಯಾರೂ ಇಲ್ಲ. ಪರದೇಶದ ಪ್ರವಾಸಿ ಅನ್ನೋ ಪ್ರಾಣಿ ಆ ಊರಲ್ಲಿ ನಾನೊಬ್ಬಳೇ ಅಂತ ಕಾಣುತ್ತೆ. ಕಾಫಿ ಅಂಗಡಿಯವನು ಊರಿನ ನಕ್ಷೆ ಬಿಚ್ಚಿ, ಮ್ಯೂಸಿಯಂ ಎಲ್ಲಿದೆ ಅಂತ ಬೇರೆ ತೋರಿಸಿದ. ಇಂಥ ಕಡೆ ನನ್ನ ತಮ್ಮ ಯಾಕೆ ಸಾಯಬೇಕಿತ್ತು? ನಮ್ಮೂರಾಚೆಯ ಹೈವೇಯಲ್ಲಿ ಸತ್ತಿದ್ದರೂ ಹೊತ್ತು ತರ್ತಿದ್ದೆವು.

ಅವನು ಬಾಡಿಗೆಗಿದ್ದ ಮನೆಯ ಅಜ್ಜಿ ನನ್ನನ್ನು ಸ್ಮಶಾನಕ್ಕೆ ಕರ್ಕೊಂಡು ಹೋದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸಮಾಧಿಯ ತುಂಬ ಅವಳೇ ನೆಟ್ಟ ಹಳದಿ ಹೂವು. ನಾನು ಕಲ್ಲಿಗೆ ವಿಭೂತಿ ಹಚ್ಚಿದೆ. ಆಮೇಲೆ ಗಟ್ಟಿ ಮನಸ್ಸು ಮಾಡಿ, "ಸಿಟ್ಟಿಂಗ್?" ಅಂತ ಮಣ್ಣಿನ ಕಡೆ ಕೈ ತೋರಿಸಿದೆ. "ಯಾ, ಯಾ" ಅಂದು ಪಕ್ಕದ ಬೆಂಚಿನ ಧೂಳು ಕರ್ಚೀಫಿನಿಂದ ಒರೆಸಿ, ಕೂತ್ಕೋ ಅಂದಳು ಪುಣ್ಯಾತ್ಗಿತ್ತಿ. ನಾನಲ್ಲ, ಅವನು ಅಂದೆ. ಅವಳಿಗೆ ಅರ್ಥವಾಯ್ತು. ಎರಡೂ ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟು, ಕಣ್ಣು ಮುಚ್ಚಿ, ಮಗು ಮಲಗೋ ಹಾಗೆ ತೋರಿಸಿದಳು. ನನಗೆ ಸಮಾಧಾನ ಮಾಡೋಕೆ ಅಂತಲೇ ತೋರಿಸಿದ್ದು. ನಾನು ಆ ಬೆಂಚಿನ ಮೇಲೆ ಕುಸಿದು, ಮೈಮೇಲೆ ಎಚ್ಚರವಿಲ್ಲದಂಗೆ ಅತ್ತೆ.

ಊರಿಗೆ ಬಂದಾಗ ಚೀಲ ಇಳಿಸೋಕೂ ಬಿಡದೆ ಅವ್ವ ಎದುರಿಗೆ ಕೂತಳು. ಅಪ್ಪ ಬಾಗಿಲ ಹತ್ತಿರ ನಿಂತಿದ್ದ.

"ಕುಂದ್ರಿಸಿದಾರವ್ವ" ಅಂದೆ. "ಕೈಯಾಗೆ ಲಿಂಗನೂ ಇಟ್ಟಿದಾರೆ. ನಮ್ಮ ಪದ್ಧತಿನ ಅವ್ನೇ ಆ ಅಜ್ಜಿಗೆ ಹೇಳಿದ್ನಂತೆ."

ಅವ್ವ ಬಹಳ ಹೊತ್ತು ಸೆರಗು ಕಣ್ಣಿಗೊತ್ತಿಕೊಂಡಳು. ಆಮೇಲೆ ಬಾಗಿಲ ಕಡೆ ತಿರುಗಿ, "ಯಾಕೆ ನಿಂತೀರಿ, ಬರ್ರಿ, ಕುಂತ್ಕಳ್ರಿ" ಅಂದಳು. ಅಪ್ಪ ಬಂದು ಕೂತ.

ಕೆಲವು ದಿನ ಮನೆ ಮನೆಯಾಗಿತ್ತು. ಸಾರಿಗೆ ಉಪ್ಪು ಕಮ್ಮಿ ಅಂತ ಅಪ್ಪ, ನಾಲಿಗೆ ಕೆಟ್ಟೈತೆ ನಿಮ್ದು ಅಂತ ಅವ್ವ. ನಾನು ಶಾಲೆಯಿಂದ ಬರೋ ಹೊತ್ತಿಗೆ ಇಬ್ಬರೂ ಕಟ್ಟೆಯ ಮೇಲೆ ಕೂತು ಅವನ ಚಿಕ್ಕಂದಿನ ಕಿತಾಪತಿಗಳನ್ನು ಆಡ್ಕೊಳ್ತಿದ್ದರು. ಸುಳ್ಳಿಗೆ ಇಷ್ಟು ಬೆಲೆಯಿದ್ದರೆ ದಿನಾ ಹೇಳೋಣ ಅನ್ನಿಸಿತು.

ಅಷ್ಟರಲ್ಲಿ ಸಮಾಧಿಯ ಹತ್ತಿರ ನಾನು ತೆಗೆದಿದ್ದ ಫೋಟೋಗಳು ಸ್ಟುಡಿಯೋದಿಂದ ತೊಳೆದು ಬಂದವು. ನನ್ನ ಬುದ್ಧಿಗೆ ಮಂಕು ಬಡಿದಿತ್ತು. ಹೂವು ನೋಡಿದರೆ ಇಬ್ಬರಿಗೂ ಜೀವಕ್ಕೆ ತಂಪಾದೀತು ಅಂತ ಊಟದ ಹೊತ್ತಲ್ಲಿ ತೆಗೆದು ಕೊಟ್ಟೆ.

ಅವ್ವ ಫೋಟೋನ ಬೆಳಕಿಗೆ ಹಿಡಿದಳು. "ಹೂವು ಚೆನ್ನಾಗವೆ" ಅಂದಳು. ಬೆರಳನ್ನು ಕಲ್ಲಿನ ಹತ್ತಿರ ಇಟ್ಟು, ಹೂವಿನ ಪಾತಿಯ ಅಂಚು ಹಿಡಿದು ನಿಧಾನಕ್ಕೆ ಕೆಳಗೆ ಎಳೆದಳು, ಮತ್ತೆ ಮೇಲಕ್ಕೆ ತಂದಳು.

"ಕುಂತಿರೋನಿಗೆ ಇಷ್ಟುದ್ದ ಯಾಕೆ ಅಗೆದಾರೆ?"

ಅಪ್ಪ ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದ. ಅವ್ವ ಅವನಿಗೆ ಕುಂತ್ಕಳ್ರಿ ಅನ್ನಲಿಲ್ಲ.