ಎರಡು ಕಾಲಿನ ಪ್ರಶ್ನೆ

ನನ್ನ ಹೆಂಡತಿ ಶಹಾಬಾದಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ನಾನು ಹತ್ತನೆಯ ತರಗತಿ ಮುಗಿಸಿ ಅದೇ ಊರಿನಲ್ಲಿ ಹಾಸುಗಲ್ಲು ಪಾಲಿಶ್ ಮಾಡುವ ಮಶೀನಿಗೆ ನಿಂತವನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಶಾಲೆಗಳು ವರ್ಷಕ್ಕೊಮ್ಮೆ ಸೇರುವ ಕ್ವಿಜ್‌ಗೆ ಪ್ರಶ್ನೆ ಬರೆಯುತ್ತಿದ್ದವಳು ಅವಳೇ. ಎಲ್ಲವೂ ಮೊದಲು ನನ್ನ ಮೇಲೆ ಪ್ರಯೋಗವಾಗುತ್ತಿದ್ದವು.

“ರೀ, ಹೊರಗ ಕಿವಿ ಇಲ್ಲ, ನೆಲದ ಅದುರು ದವಡಿಯಿಂದ ತಿಳ್ಕೋತದ. ಆದ್ರ ಸಿನಿಮಾದಾಗ ಪುಂಗಿಗೆ ಕುಣೀತದ. ಏನದು?”

“ಹಾವು.”

“ಪುಂಗಿ ಅಂದ ಕೂಡಲೇ ಹೇಳಿಬಿಟ್ರಿ. ಕುಂಟ ಪ್ರಶ್ನಿ ಇದು,” ಎಂದು ಅದರ ಮೇಲೆ ಗೀಟು ಎಳೆದುಬಿಡುತ್ತಿದ್ದಳು.

ಪ್ರಶ್ನೆಗೆ ಪಾಠದ್ದೊಂದು, ಸಿನಿಮಾ ಅಥವಾ ಟಿವಿಯದೊಂದು, ಹೀಗೆ ಎರಡು ಕಾಲಿರಬೇಕು. ಒಂದೇ ಕಾಲಿನಿಂದ ಉತ್ತರ ಸಿಗಬಾರದು. ತಂಡದಲ್ಲಿ ಮುಂದಿನ ಬೆಂಚಿನ ಒಬ್ಬರು, ಹಿಂದಿನ ಬೆಂಚಿನ ಒಬ್ಬರು. ಇಬ್ಬರೂ ಕೈ ಎತ್ತಿದರಷ್ಟೇ ಉತ್ತರ ಲೆಕ್ಕಕ್ಕೆ.

ಮೊದಲ ವರ್ಷ ಒಬ್ಬ ಮಾಸ್ತರರು ನಕ್ಕಿದ್ದರು. “ಟೀಚರ್, ಇದು ಕ್ವಿಜ್ಜೋ, ಟಾಕೀಸೋ?”

“ಎರಡೂ ಸರ್. ನಿಮ್ಮ ಹಿಂದಿನ ಬೆಂಚಿನವ್ರಿಗೂ ಒಮ್ಮೆ ಚಪ್ಪಾಳಿ ಬೀಳಲಿ.”

ಯಾರಾದರೂ ತಕರಾರು ಎತ್ತಿಯೂ ಪ್ರಶ್ನೆ ಉಳಿದರೆ, ಮನೆಗೆ ಬಂದು ನೋಟ್‌ಬುಕ್ಕಿನ ಅಂಚಿನಲ್ಲಿ ಆ ತಕರಾರನ್ನು ಬರೆದು ಪಕ್ಕದಲ್ಲಿ ‘ನಿಂತಿತು’ ಎಂದು ಬರೆಯುತ್ತಿದ್ದಳು. ಅವಳ ಒಂದು ಪ್ರಶ್ನೆಯೂ ಬಿದ್ದದ್ದಿಲ್ಲ.

ಈ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಚಿತ್ತಾಪುರದಲ್ಲಿ ಕ್ವಿಜ್ ನಡೆಸುವ ಹೆಡ್‌ಮಾಸ್ತರರು ನೋಟ್‌ಬುಕ್ ಕೇಳಿ ಫೋನ್ ಮಾಡಿದರು. ಕೊನೆಯ ಪ್ರಶ್ನೆಗೆ ಒಂದೇ ಕಾಲಿತ್ತು: ‘ನೀರು ಕುಡಿದು ಬಿಸಿಯಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ.’ ಕೆಳಗೆ ಉತ್ತರ, ಸಿಮೆಂಟ್.

ಫೋನಿನಲ್ಲೇ ಓದಿ ಹೇಳಿದೆ. “ಅದೊಂದು ಬಿಟ್ಟುಬಿಡಮ್ರಿ,” ಎಂದರು ಹೆಡ್‌ಮಾಸ್ತರರು.

“ಬ್ಯಾಡ್ರಿ ಸರ್. ನಾ ಮುಗಿಸ್ತೀನಿ.”

ಹೇಳಿದ ಮೇಲೆ ಹೆದರಿಕೆಯಾಯಿತು. ನಾನು ಬರೆದದ್ದು ಬಿದ್ದರೆ ಅವಳ ಪುಸ್ತಕಕ್ಕೆ ಮೊದಲ ಕಲೆ. ನಾಲ್ಕು ದಿನ ಮಶೀನಿನ ಮುಂದೆ ನಿಂತು ಯೋಚಿಸಿ ಬರೆದೆ: ‘ಸಿನಿಮಾದ ಕಳ್ಳ ಕಂಟ್ರಾಕ್ಟರ್ ಇದನ್ನು ಕಡಿಮೆ ಹಾಕುತ್ತಾನೆ, ಇಂಟರ್‌ವಲ್ಲಿಗೆ ಮುಂಚೆ ಸೇತುವೆ ಬೀಳುತ್ತದೆ.’

ಚಿತ್ತಾಪುರದ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಕೊನೆಯ ಪ್ರಶ್ನೆ ಚಿಂಚೋಳಿ ತಂಡಕ್ಕೆ ಬಂತು. ಅವರ ಹಿಂದಿನ ಬೆಂಚಿನ ಹುಡುಗ ಜೊತೆಗಾತಿಯನ್ನು ಕೇಳದೆ ಎದ್ದು ನಿಂತ.

“ಕಬ್ಬಿಣ!”

“ಇಬ್ಬರ ಕೈ ಇಲ್ಲ, ಲೆಕ್ಕಕ್ಕಿಲ್ಲ,” ಎಂದರು ಹೆಡ್‌ಮಾಸ್ತರರು.

ಚಿಂಚೋಳಿ ಮಾಸ್ತರರು ಬಿಡಲಿಲ್ಲ. “ಉತ್ತರ ಖರೆ ಅದ ಅಲ್ರಿ ಸರ್! ಕಂಟ್ರಾಕ್ಟರ್ ಕಬ್ಬಿಣಾನೂ ಕಡಿಮಿ ಹಾಕ್ತಾನಲ್ರಿ! ಪ್ರಶ್ನಿನೇ ತಪ್ಪದ.”

ಸಭೆ ನಕ್ಕಿತು. ಕಬ್ಬಿಣ ನನಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಆ ತಂಡದ ಹುಡುಗಿ ಜೊತೆಗಾರನ ತೋಳು ಜಗ್ಗಿದಳು.

“ಏ ಹೀರೋ, ಕುಂದ್ರು. ಕಬ್ಬಿಣಕ್ಕ ನೀರ್ ಬಿದ್ರ ಜಂಗ್ ಹಿಡೀತದ, ಗಟ್ಟಿ ಆಗ್ತದೇನು? ಕಂಟ್ರಾಕ್ಟರ್ ಮತ್ತೇನು ಕಡಿಮಿ ಹಾಕ್ತಾನ, ಅದು ಹೇಳು.”

ಹುಡುಗ ತಲೆ ಕೆರೆದುಕೊಂಡ. “ಉಸುಕು ಜಾಸ್ತಿ ಹಾಕ್ತಾನ... ಸಿಮೆಂಟ್ ಕಡಿಮಿ.”

ಇಬ್ಬರ ಕೈಗಳೂ ಒಟ್ಟಿಗೆ ಮೇಲೆದ್ದವು.

ಸಿಮೆಂಟ್ ಕಾರ್ಖಾನೆಯ ಊರಲ್ಲಿ ತುಳಸಿ ಎಲೆಯ ಮೇಲಿಂದಲೂ ಆ ಧೂಳು ಒರೆಸಿ ಬೆಳೆದ ವಾಡಿಯ ಮಕ್ಕಳು ಹಣೆ ಬಡಿದುಕೊಂಡರು. ಚಿಂಚೋಳಿ ಮಾಸ್ತರರೇ ಮೊದಲು ಚಪ್ಪಾಳೆ ತಟ್ಟಿದರು. ಹೋಗುವಾಗ ನನ್ನ ಬಳಿ ಬಂದು, “ಟೀಚರ್ ಬರೆದಿದ್ದು ಹಂಗೆಲ್ಲಾ ಬೀಳಂಗಿಲ್ರಿ,” ಎಂದರು. ಎರಡನೆಯ ಕಾಲು ನನ್ನದೆಂದು ನಾನು ಹೇಳಲಿಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದು ಅವಳ ಕಾಲೇ.

ಮನೆಗೆ ಬಂದವನೇ ನೋಟ್‌ಬುಕ್ ತೆರೆದೆ. ಅವಳ ದುಂಡು ಅಕ್ಷರ, ಕೆಳಗೆ ನನ್ನ ಸೊಟ್ಟ ಅಕ್ಷರ. ಅಂಚಿನಲ್ಲಿ ಬರೆದೆ: ‘ತಕರಾರು, ಕಬ್ಬಿಣ. ನಿಂತಿತು.’