ಹಚ್ಚೆ ಮುಚ್ಚುವವಳ ಬಣ್ಣ ಬಯಲು

ಮದುಮಕ್ಕಳ ಮೈಮೇಲಿನ ಹಚ್ಚೆಯನ್ನು ಕಾಣದಂತೆ ಮುಚ್ಚುವುದು ನನ್ನ ಕಸುಬು. ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಪಾರ್ಲರು ಇದೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದಾಗಲೆಲ್ಲ ಮೇಲೆ ನನ್ನ ಕನ್ನಡಿ ನಡುಗುತ್ತದೆ, ಕನ್ನಡಿಯೊಳಗಿನ ಮದುಮಗಳೂ ನಡುಗುತ್ತಾಳೆ. ಬೀದಿಯವರು ನನ್ನನ್ನು ಸುಣ್ಣದಕ್ಕ ಎನ್ನುತ್ತಾರೆ. ಗೋಡೆಗೆ ಸುಣ್ಣ ಬಳಿಯುವವರಿಗೂ ನನಗೂ ಏನು ವ್ಯತ್ಯಾಸವೆಂದು ಕೇಳಿದರೆ, ಗೋಡೆಯಾದರೆ ಕೆಲಸದ ನಡುವೆ ಎದ್ದು ಫೋನಿನಲ್ಲಿ ಮಾತಾಡುವುದಿಲ್ಲ, ಅಷ್ಟೇ.

ಈ ವಿದ್ಯೆ ನನಗೆ ಒಲಿದದ್ದು ಜಾಣತನದಿಂದಲ್ಲ. ದಡ್ಡತನಕ್ಕೂ ಅದರದೇ ಆದ ಫಲವಿರುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ.

ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿಯುತ್ತಿದ್ದ ದಿನಗಳಲ್ಲಿ, ಎಡ ಮುಂಗೈಯ ಮೇಲೆ ಹಾರುವ ಹಂಸದ ಹಚ್ಚೆ ಹಾಕಿಸಿಕೊಳ್ಳಬೇಕೆಂದು ನನಗೆ ಆಸೆಯಾಯಿತು. ಪಕ್ಕದ ಮಿಷನ್ನಿನ ಗೆಳತಿಯ ಅಣ್ಣ ಆ ಕೆಲಸವನ್ನು ಆಗಷ್ಟೇ ಕಲಿಯುತ್ತಿದ್ದ. ತಲೆಕೂದಲನ್ನಾದರೆ ಹೊಸಬನ ಕೈಗೆ ಕೊಡಬಹುದು, ಮತ್ತೆ ಬೆಳೆಯುತ್ತದೆ. ನಾನು ಚರ್ಮ ಕೊಟ್ಟೆ. ಅವನು ಹಂಸದ ಹೊಟ್ಟೆಯನ್ನು ದುಂಡಗೆ ಬರೆದ, ಕತ್ತನ್ನು ಮುಂದಕ್ಕೆ ಚಾಚಿ ತುದಿಯಲ್ಲಿ ಬಗ್ಗಿಸಿದ, ಎತ್ತಿದ ರೆಕ್ಕೆಗಳನ್ನು ಮೇಲೆ ಒಂದಕ್ಕೊಂದು ಕೂಡಿಸಿಬಿಟ್ಟ. ಊತ ಇಳಿದ ಮೇಲೆ ನೋಡಿದರೆ ನನ್ನ ಕೈಮೇಲೆ ಅಪ್ಪಟ ಟೀ ಕೆಟಲು ಕೂತಿತ್ತು.

ಮುಂದೆ ನನಗೆ ಮದುವೆ ಗೊತ್ತಾಯಿತು. ಹುಡುಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು, ಮೆತ್ತಗಿನ ಮನುಷ್ಯ. ನೋಡಲು ಬಂದ ದಿನ ನಾನು ತುಂಬುತೋಳಿನ ಉಡುಪು ತೊಟ್ಟು ಪಾರಾಗಿದ್ದೆ. ಆದರೆ ಮದುವೆಯ ಉಡುಪನ್ನು ಹುಡುಗನ ಕಡೆಯವರೇ ಹೊಲಿಸಿ ಕಳಿಸಿದರು. ಅದರ ತೋಳು ಮೊಣಕೈಗೇ ಮುಗಿದಿತ್ತು.

ಅಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. "ಅವರ ಕಡೆಯ ಹೆಂಗಸರು ಬಾಯಿ ಸುಮ್ಮನಿಡೋರಲ್ಲ ಕಣೇ. ಏನು ಮಾಡ್ತೀಯೋ ಮಾಡು, ಅದು ಕಾಣಬಾರದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಬಹಳ ಯೋಚಿಸಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಬ್ಯಾಂಡೇಜು ಸುತ್ತಿಕೊಂಡು, ಬಿಸಿನೀರು ಚೆಲ್ಲಿತೆಂದು ಸಾರಿಬಿಟ್ಟೆ. ಅತ್ತೆಯಾಗುವವರು ಆಸ್ಪತ್ರೆಯಲ್ಲಿ ನರ್ಸು ಎಂದು ಗೊತ್ತಿತ್ತು. ಯಾವ ವಾರ್ಡು ಎಂದು ಕೇಳುವಷ್ಟು ಸೌಜನ್ಯ ನನಗಿದ್ದಿದ್ದರೆ, ಅದು ಸುಟ್ಟಗಾಯದ ವಾರ್ಡು ಎಂದು ಮೊದಲೇ ತಿಳಿಯುತ್ತಿತ್ತು.

ಮದುವೆಯ ದಿನ ಅವರು ನನ್ನ ಕೈ ನೋಡಿದ್ದೇ, ನೆಂಟರ ಗುಂಪಿನಿಂದ ನನ್ನನ್ನು ಎಳೆದುಕೊಂಡು ಹೋಗಿ ಪಕ್ಕದ ಕೋಣೆಯಲ್ಲಿ ಕೂರಿಸಿದರು.

"ಯಾರಮ್ಮ ಇದನ್ನ ಹೀಗೆ ಬಿಗಿದು ಕಟ್ಟಿದ್ದು? ಬಿಚ್ಚು, ನಾನು ನೋಡ್ತೀನಿ."

"ಬೇಡ ಅತ್ತೆ. ಸ್ವಲ್ಪವೂ ನೋವಿಲ್ಲ."

"ಸುಟ್ಟಗಾಯ ನೋಯ್ತಿಲ್ಲ ಅಂದ್ರೆ ಇನ್ನೂ ಅಪಾಯ. ಕೊಡು ಕೈ."

ಅವರು ಒಂದೊಂದೇ ಸುತ್ತು ಬಿಚ್ಚುತ್ತ ಹೋದರು. ನನ್ನ ಪ್ರಾಣವೂ ಅದರ ಜೊತೆಗೇ ಸುತ್ತು ಬಿಚ್ಚಿಕೊಳ್ಳುತ್ತಿತ್ತು. ಕೊನೆಯ ಸುತ್ತು ಕಳಚಿದಾಗ ಅವರು ಹೆಬ್ಬೆರಳಿನಿಂದ ಹಚ್ಚೆಯನ್ನು ಒಮ್ಮೆ ಒರೆಸಿ ನೋಡಿದರು.

"ಬಿಸಿನೀರು ಚೆಲ್ಲಿದ ರಭಸಕ್ಕೆ ಕೆಟಲಿನ ಅಚ್ಚೇ ಬಿತ್ತಾ?"

"ಅದು ಹಂಸ, ಅತ್ತೆ."

"ಎಲ್ಲಿ?"

ನಾನು ಅಳುವುದಕ್ಕೆ ಬಾಯಿ ತೆರೆದೆ. ಅವರು ನನ್ನ ಗಲ್ಲ ಹಿಡಿದು ಮುಚ್ಚಿದರು. "ಅಳಬೇಡ, ಮುಖದ ಬಣ್ಣ ಇಳಿಯತ್ತೆ. ಇವತ್ತು ಹೀಗೇ ಇರಲಿ. ನನ್ನ ನಾದಿನಿಯರು ನೋಡಿದ್ರೆ ಮದುಮಗಳನ್ನ ಬಿಟ್ಟು ಇದನ್ನೇ ನೋಡ್ತಾರೆ." ನಾನು ಹೇಗೋ ಸುತ್ತಿದ್ದ ಬಟ್ಟೆಯನ್ನು ಅವರು ಅಚ್ಚುಕಟ್ಟಾಗಿ ಮತ್ತೆ ಸುತ್ತಿದರು. ಹೊರಗೆ ಬಂದು ಎಲ್ಲರಿಗೂ ಕೇಳುವಂತೆ, "ಗಾಯ ಚೆನ್ನಾಗಿ ವಾಸಿಯಾಗ್ತಿದೆ," ಎಂದರು.

ಗಂಡನಿಗೆ ಮಾರನೆಯ ದಿನ ನಾನೇ ತೋರಿಸಿದೆ. ಪಾಪ, ಅವನು ಮುಲಾಮು ತಂದಿದ್ದ. ನನ್ನ ಕೈಯನ್ನು ಹತ್ತಿರ ಹಿಡಿದ, ದೂರ ಹಿಡಿದ, ಕಿಟಕಿಯ ಬೆಳಕಿಗೆ ತಿರುಗಿಸಿದ. ಆಮೇಲೆ ಅಂಗಡಿಗೆ ಬರುವ ಗಿರಾಕಿಗಳನ್ನು ಕೇಳುವ ಅದೇ ಮೆತ್ತಗಿನ ದನಿಯಲ್ಲಿ, "ಹಂಸ ಕಾಣಬೇಕಂದ್ರೆ ಎಷ್ಟು ದೂರ ನಿಲ್ಲಬೇಕು?" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅತ್ತೆಯ ನಾದಿನಿಯರು ವಾರಕ್ಕೊಮ್ಮೆಯಾದರೂ ಮನೆಗೆ ಬರುತ್ತಿದ್ದರು. ಯಾವ ಗಾಯವೂ ವರ್ಷಗಟ್ಟಲೆ ವಾಸಿಯಾಗುತ್ತಲೇ ಇರಲಾರದಷ್ಟೆ. ಹಾಗಾಗಿ ಅತ್ತೆ ಒಂದು ದಿನ ಸುಟ್ಟಕಲೆ ಮುಚ್ಚಿಕೊಳ್ಳುವವರು ಹಚ್ಚುವ ಕ್ರೀಮು ಕೊಂಡು ತಂದು ನನ್ನ ಮುಂದಿಟ್ಟರು. ನೀಲಿ ಗೆರೆಯ ಮೇಲೆ ನೇರವಾಗಿ ಮೈಬಣ್ಣ ಬಳಿದರೆ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಮೊದಲು ಕಿತ್ತಳೆ ಬಣ್ಣ ತೆಳ್ಳಗೆ ಹಚ್ಚಬೇಕು, ಅದರ ಮೇಲೆ ಮೈಬಣ್ಣ, ಅದರ ಮೇಲೆ ಪೌಡರು. ಉಜ್ಜಬಾರದು, ಒತ್ತಬೇಕು. ಅವರು ಕಲಿಸಿದರು, ನಾನು ಕಲಿತೆ. ಬದುಕಿನಲ್ಲಿ ನಾನು ಒಂದೇ ಸಲಕ್ಕೆ ಕಲಿತ ವಿದ್ಯೆ ಅದೊಂದೇ.

ಆಮೇಲೆ ಪಕ್ಕದ ಮನೆಯ ಹುಡುಗಿಯ ಮದುವೆಗೆ ಅವಳ ಭುಜದ ಮೇಲಿನ ಚೇಳನ್ನು ಮುಚ್ಚಿದೆ. ಅವಳ ಗೆಳತಿಯ ಕಾಲಿನ ಹಚ್ಚೆಯನ್ನು ಮುಚ್ಚಿದೆ. ಕಾರ್ಖಾನೆ ಬಿಟ್ಟು ಪಾರ್ಲರು ತೆರೆದೆ. ಒಡೆದ ಹೂದಾನಿಯನ್ನು ಬಟ್ಟೆಯಲ್ಲಿ ಸುತ್ತಿ ತರುವ ಹಾಗೆ ತಾಯಂದಿರು ತಮ್ಮ ಹೆಣ್ಣುಮಕ್ಕಳನ್ನು ನನ್ನ ಬಳಿ ತರುತ್ತಿದ್ದರು.

ಒಮ್ಮೆ ಒಬ್ಬ ಮದುಮಗನೂ ಬಂದಿದ್ದ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ಎದೆಯ ಮೇಲೆ ಒಂದು ಹೆಸರು.

"ಇದು ಮದುವೆ ಹುಡುಗಿ ಹೆಸರಾ?"

"ಅಲ್ಲ ಅಕ್ಕ. ಅದೇ ತೊಂದರೆ."

"ಮೇಲೆ ಅಂಗಿ ಇರುತ್ತಲ್ಲಪ್ಪ?"

"ಅಂಗಿ ಬಿಚ್ಚೋ ಹೊತ್ತೂ ಬರುತ್ತಲ್ಲಕ್ಕ."

"ಮದುವೆ ಅಂದ ಮೇಲೆ ಸತ್ಯ ಇರಬೇಕು. ಮೊದಲು ಹೋಗಿ ಅವಳಿಗೆ ಹೇಳು," ಎಂದು ಗಂಭೀರವಾಗಿ ಉಪದೇಶಿಸಿ ಕಳಿಸಿದೆ. ಗಟ್ಟಿಮುಟ್ಟಾದ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮದುವೆಯಾದವಳು ನಾನು. ಹೇಳುವಾಗ ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಹೀಗೆ ಚೆನ್ನಾಗಿಯೇ ನಡೆಯುತ್ತಿತ್ತು. ಬರಬರುತ್ತ ಮುಚ್ಚಿಸಿಕೊಳ್ಳುವವರು ಕಡಿಮೆಯಾದರು. ನನ್ನ ಕಿತ್ತಳೆ ಬಣ್ಣ ಡಬ್ಬಿಯಲ್ಲೇ ಒಣಗತೊಡಗಿತು. ಜನರಿಗೆ ನಾಚಿಕೆ ಹೋಯಿತೆಂದು ನಾನು ಗೊಣಗುತ್ತಿದ್ದೆ. ನನ್ನ ಹೊಟ್ಟೆಪಾಡೆಲ್ಲ ಬೇರೆಯವರ ನಾಚಿಕೆಯ ಮೇಲೆಯೇ ನಿಂತಿತ್ತಲ್ಲ.

ಅಂಥ ದಿನಗಳಲ್ಲೇ ಆ ಲಿಫ್ಟ್ ರಿಪೇರಿ ಹುಡುಗಿ ಬಂದಳು. ಕೆಲಸದ ಬಟ್ಟೆಯಲ್ಲೇ ಬಂದಿದ್ದಳು, ಉಗುರಿನಲ್ಲಿ ಗ್ರೀಸು. ಬಲ ತೋಳಿನ ತುಂಬ ಹಚ್ಚೆ. ನನ್ನ ಕೈ ತನ್ನಷ್ಟಕ್ಕೇ ಕಿತ್ತಳೆ ಡಬ್ಬಿಯ ಕಡೆ ಹೋಯಿತು.

"ಮುಚ್ಚೋದು ಬೇಡ ಅಕ್ಕ," ಎಂದಳು. "ಮದುವೆ ದಿನ ಎದ್ದು ಕಾಣಬೇಕು. ಎಡಗೈ ಖಾಲಿ ಇದೆಯಲ್ಲ, ಅಲ್ಲಿ ಒಂದು ಬಳ್ಳಿ ಬರೀರಿ. ಕೆಲವು ದಿನಕ್ಕೆ ಮಾಸೋ ಬಣ್ಣದಲ್ಲಿ. ನಿಮಗೆ ಬರುತ್ತೆ ತಾನೆ?"

"ಅಯ್ಯೋ, ಅದೇನು ಮಹಾ," ಎಂದೆ.

ಶಾಲೆಯಲ್ಲಿ ನಾನು ಬರೆದ ಆನೆಗೆ ಮೇಷ್ಟರು ಸೊನ್ನೆ ಕೊಟ್ಟು, ಪಕ್ಕದಲ್ಲಿ "ಆಲೂಗಡ್ಡೆ ಚೆನ್ನಾಗಿದೆ" ಎಂದು ಬರೆದಿದ್ದರು. ಈಗ ಬಾಯಿಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಹುಡುಗಿಯ ಕೈ ಕೆಡುತ್ತದೆ. ಎದುರು ಸಾಲಿನಲ್ಲಿ ಹಚ್ಚೆ ಅಂಗಡಿ ಇಟ್ಟಿದ್ದ ಹೆಣ್ಣುಮಗಳೊಬ್ಬಳಿದ್ದಳು. ನನ್ನ ಗಿರಾಕಿಗಳನ್ನೆಲ್ಲ ಕೆಡಿಸಿದವಳೆಂದು ನಾನು ಅವಳ ಜೊತೆ ಮಾತೇ ಆಡುತ್ತಿರಲಿಲ್ಲ. ಈಗ ಅವಳ ಮುಂದೆಯೇ ಹೋಗಿ ನಿಂತೆ. ಅವಳು ನಗದೆ ಕಲಿಸಿದಳು. ಮನೆಯಲ್ಲಿ ಗಂಡನ ಬೆನ್ನೇ ನನ್ನ ಸ್ಲೇಟು. ಅವನು ಅಂಗಡಿಯಿಂದ ಬಂದು ಅಂಗಿ ಬಿಚ್ಚಿ ಬೋರಲು ಮಲಗುತ್ತಿದ್ದ, ನಾನು ಬಳ್ಳಿ ಬರೆಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಇವನಿಗೆ ಸರ್ಪಸುತ್ತಾ?" ಎಂದು ಕೇಳಿದರು. ವೃತ್ತಿಯ ಕಣ್ಣು.

ಮದುವೆಯ ಬೆಳಿಗ್ಗೆ ಹುಡುಗಿಯ ಜೊತೆ ಅವಳ ತಾಯಿಯೂ ಬಂದರು. ಹುಡುಗಿ ಕೈ ತೊಳೆಯಲು ಒಳಗೆ ಹೋದದ್ದೇ ಅವರು ನನ್ನ ಕಿವಿಯ ಹತ್ತಿರ ಬಾಗಿದರು.

"ನಿಮಗೆ ಮುಚ್ಚೋದು ಚೆನ್ನಾಗಿ ಬರುತ್ತಂತೆ. ಅವಳಿಗೆ ತಿಳಿಯದ ಹಾಗೆ ಒಂದಿಷ್ಟು ಮಂಕು ಮಾಡಿಬಿಡಿ. ಪೂರ್ತಿ ಬೇಡ."

ನನ್ನ ಹಳೆಯ ಕಸುಬು ಒಳಗಿನಿಂದ ಹೂಂ ಎಂದಿತು. ಆದರೂ, "ಅವಳು ಹೇಳಿದ ಹಾಗೆ ಮಾಡ್ತೀನಮ್ಮ. ಕೈ ಅವಳದು," ಎಂದೆ. ಧೈರ್ಯವಂತೆ ಎಂದುಕೊಳ್ಳಬೇಡಿ, ಹೇಳುವಾಗ ನಾನು ಕನ್ನಡಿ ಒರೆಸುವ ನೆಪದಲ್ಲಿ ಅವರಿಗೆ ಬೆನ್ನು ಹಾಕಿದ್ದೆ.

ಅವರು ಮುಖ ಗಂಟಿಕ್ಕಿ ಕುರ್ಚಿಯಲ್ಲಿ ಕೂತರು. ಹುಡುಗಿ ಬಂದಳು. ನಾನು ಹತ್ತಿಯಲ್ಲಿ ಎಣ್ಣೆ ಅದ್ದಿ ಒಂದೊಂದೇ ಹಚ್ಚೆಗೆ ಹೊಳಪು ಕೊಡುತ್ತ ಹೋದೆ. ಸ್ವಲ್ಪ ಹೊತ್ತಿನ ಮೇಲೆ ತಾಯಿ, ಯಾರಿಗೂ ಅಲ್ಲವೆಂಬಂತೆ, ಮಾತಾಡಲು ಶುರುಮಾಡಿದರು.

"ಆ ಕಿಟಕಿ ನಮ್ಮ ಹಳೇ ಮನೇದು. ಬಿಟ್ಟು ಬರುವಾಗ ಹಾಕಿಸ್ಕೊಂಡ್ಲು." ಆಮೇಲೆ, "ಈ ಮೀನು ಅವರಪ್ಪ ಆಸ್ಪತ್ರೇಲಿ ಇದ್ದಾಗಿಂದು. ಅಲ್ಲಿ ಹೊರಗಡೆ ಗಾಜಿನ ತೊಟ್ಟಿ ಇತ್ತು. ನಾವಿಬ್ಬರೂ ಅದನ್ನೇ ನೋಡ್ತಾ ಕೂತಿರ್ತಿದ್ವಿ," ಎಂದರು.

ಹುಡುಗಿ ತಲೆ ತಿರುಗಿಸಲಿಲ್ಲ. ನಾನು ತೋಳಿನ ಮುಂಭಾಗ ಮುಗಿಸಿ ಹತ್ತಿ ಕೆಳಗಿಟ್ಟೆ.

"ಮೊಣಕೈ ಹಿಂದಿಂದು ಬಿಟ್ರಲ್ಲ," ಎಂದರು ತಾಯಿ.

ನೋಡಿದೆ. ಸಾಸಿವೆ ಕಾಳಿನಷ್ಟು ಚಿಕ್ಕ ನಕ್ಷತ್ರವೊಂದು ಮಡಿಕೆಯಲ್ಲಿ ಅಡಗಿತ್ತು.

"ಅದು ನಿಂಗೆ ಹೇಗೆ ಗೊತ್ತಮ್ಮ? ನಾನು ತೋರಿಸೇ ಇಲ್ಲ," ಎಂದಳು ಹುಡುಗಿ.

"ನೀನು ನಿದ್ದೆ ಮಾಡ್ತೀಯಲ್ಲ, ಆಗ."

ಕೆಳಗೆ ಗಾಳಿಯಂತ್ರ ಶುರುವಾಯಿತು. ಆ ಗದ್ದಲ ನಿಲ್ಲುವವರೆಗೆ ನಾನು ನಕ್ಷತ್ರಕ್ಕೂ ಎಣ್ಣೆ ಹಚ್ಚಿದೆ, ಬೇಕಾದದ್ದಕ್ಕಿಂತ ಹೆಚ್ಚೇ ಹೊತ್ತು. ಆಮೇಲೆ ಎಡಗೈಗೆ ಬಂದು, ಉಸಿರು ಬಿಗಿಹಿಡಿದು, ಬಳ್ಳಿ ಬರೆದು ಮುಗಿಸಿದೆ.

ತಾಯಿ ಎದ್ದು ಹತ್ತಿರ ಬಂದು ನನ್ನ ಬಳ್ಳಿಯನ್ನು ನೋಡಿದರು. "ಇದು ಮಾಸತ್ತೆ ತಾನೆ?"

"ಹೂಂ, ಎರಡು ವಾರದಲ್ಲಿ."

"ಹಾಗಾದ್ರೆ ಪರವಾಗಿಲ್ಲ," ಎಂದು ಅವರು ನೆಮ್ಮದಿಯಿಂದ ಚೀಲ ಎತ್ತಿಕೊಂಡರು.

ಆ ಮದುವೆಯಲ್ಲಿ ನೋಡಿದವರು ಕೆಲವರು ನನ್ನನ್ನು ಹುಡುಕಿಕೊಂಡು ಬಂದರು. ಬಳ್ಳಿ ನೋಡಿ ಅಲ್ಲ, ಹಚ್ಚೆಗಳ ಹೊಳಪು ನೋಡಿ. ಈಗ ಎದುರು ಸಾಲಿನವಳೂ ನಾನೂ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತೇವೆ. ಅವಳು ಬರೆಯುತ್ತಾಳೆ, ನಾನು ಹೊಳಪು ಕೊಡುತ್ತೇನೆ, ಬೇಕೆಂದವರಿಗೆ ಮುಚ್ಚುತ್ತೇನೆ. ಚಿತ್ರ ಬರೆಯುವ ಪೆನ್ನನ್ನು ಮಾತ್ರ ಅವಳು ನನ್ನ ಕೈಗೆ ಸಿಗದ ಹಾಗೆ ಮೇಲಿನ ಕಪಾಟಿನಲ್ಲಿ ಇಡುತ್ತಾಳೆ.