ಗಿಡುಗಗಳ ವಕೀಲರು

ಪರದೇಶದ ಬಯಾನ್ ಲೆಪಾಸ್ ಊರಿನ ನಮ್ಮ ಕಾಂಡೊ ಅಪಾರ್ಟ್‌ಮೆಂಟಿನಲ್ಲಿರುವ ಎಂಜಿನಿಯರ್ ಪದ್ಮರಾಜರು ಬ್ರಿಟನ್ನನ್ನು ಕಂಡವರೇ ಅಲ್ಲ. ಆದರೂ ಅಲ್ಲಿನ ಗುಡ್ಡಗಳಲ್ಲಿ ಸಾಯುವ ಹದ್ದು ಗಿಡುಗಗಳ ಚಿಂತೆಯೆಲ್ಲ ಅವರದೇ. ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಬರುವ ಮೊದಲೇ ಫೋನು ಚಾಚಿ, "ಸಾರ್, ಪಿಟಿಷನ್‌ಗೆ ಒಂದು ಸೈನ್ ಹಾಕ್ಬಿಡಿ, ಅಲ್ಲಿ ಗಿಡುಗಗಳಿಗೆ ವಿಷ ಇಡ್ತಿದ್ದಾರೆ" ಎನ್ನುತ್ತಾರೆ. ಸತ್ಯನಾರಾಯಣ ಪೂಜೆಗೆ ಕರೆದರೆ ಪ್ರಸಾದದ ಸಾಲಿನಲ್ಲೂ ಕರಪತ್ರ ಹಂಚುತ್ತಾರೆ. "ಸ್ಕಾಟ್ಲೆಂಡಲ್ಲಿ ಒಂದು ಮೊಟ್ಟೆ ಒಡೆದ್ರೆ ಇವ್ರು ಇಲ್ಲಿ ಊಟ ಬಿಡ್ತಾರೆ" ಎಂದು ಅವರ ಹೆಂಡತಿ ಚೈತನ್ಯಾ ಹಣೆ ಚಚ್ಚಿಕೊಳ್ಳುತ್ತಾರೆ. ಈಚೆಗೆ, ಕಾರುಗಳ ಮೇಲೆ ಹಿಕ್ಕೆ ಬೀಳುತ್ತದೆಂದು, ಪಾರ್ಕಿಂಗಿನ ಮರವನ್ನು ಅದರಲ್ಲಿದ್ದ ಗರುಡನ ಗೂಡಿನ ಸಮೇತ ಕಡಿಸಲು ನಿವಾಸಿಗಳ ಸಭೆಯಲ್ಲಿ ನಾವೆಲ್ಲ ಕೈ ಎತ್ತಿದೆವು. ಬೇಡವೆನ್ನಲು ಎದ್ದ ಪದ್ಮರಾಜರು ತೊದಲಿ ಕುಳಿತುಬಿಟ್ಟರು, ನಾವು ನಕ್ಕೆವು. ಮರುದಿನ ಮರ ಕಡಿಯುವವರು ಬಂದಾಗ ಪದ್ಮರಾಜರ ಹೊಸ ಕಾರು ಮರದ ಬುಡಕ್ಕೆ ಅಡ್ಡ ನಿಂತಿತ್ತು. "ಗಾಡಿ ತೆಗೀರಿ ಲಾ!" ಎಂದು ಇಲ್ಲಿನವರ ಧಾಟಿಯಲ್ಲೇ ಕೂಗಿದೆವು. "ಮರಿಗಳಿಗಿನ್ನೂ ರೆಕ್ಕೆ ಬಲಿತಿಲ್ಲ. ಕಡಿಯೋದಾದ್ರೆ ಮರಾನ ಕಾರಿನ ಮೇಲೇ ಬೀಳ್ಸಿ" ಎಂದರು ಪದ್ಮರಾಜರು. ಬಂದವರು ವಾಪಸು ಹೋದರು. ಮರಿಗಳು ಬೆಳೆಯುವವರೆಗೂ ಕಾರು ಕದಲಲಿಲ್ಲ. ಅವು ಮೊದಲ ಸಲ ಹಾರಿದ ದಿನ ನಾವೆಲ್ಲ ಬಾಲ್ಕನಿಗಳಲ್ಲಿ ನಿಂತು, ಗರುಡ ದರ್ಶನವಾಯಿತೆಂದು ಕೈ ಮುಗಿದೆವು. ಪದ್ಮರಾಜರು ಕೆಳಗೆ ಬಗ್ಗಿ ಕಾರಿನ ಮೇಲಿನ ಹಿಕ್ಕೆ ಕೆರೆಯುತ್ತಿದ್ದರು.